ಗಾಲಿಯಕ್ಕ ತೊಳೆದ ಲಾರಿ

ಎದುರು ಮನೆಯ ಹೊಗೆಗೂಡಿನ ಪಕ್ಕದಿಂದ ಸೂರ್ಯ ಇಣುಕುವ ಹೊತ್ತಿಗೆ ಗಾಲಿಯಕ್ಕ ಕಿಟಕಿಯ ಬಳಿ ಕುಳಿತಾಗಿರುತ್ತದೆ. ಅಂಗೈಯಲ್ಲಿ ಹೆಬ್ಬೆರಳಿನಷ್ಟುದ್ದದ ಲೋಹದ ಲಾರಿ, ಅದೂ ಅಂಗಾತ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಲಾರಿಯ ಅಡಿಯಲ್ಲಿ ಸವೆದುಹೋದ ಅಕ್ಷರಗಳು ಸಣ್ಣಗೆ ನೆರಳು ಚೆಲ್ಲುತ್ತವೆ. ಬಿಸಿಲು ಮೇಲೇರಿತೋ, ಅಕ್ಷರ ಮಾಯ. ಮೇಜಿನ ಮೇಲೆ ದೀಪ ಇದೆಯಲ್ಲ ಎಂದರೆ ಅವರು ತಲೆಯಾಡಿಸುತ್ತಾರೆ. "ದೀಪಕ್ಕೆ ಅವಸರ ಜಾಸ್ತಿ. ಗೀರು, ಕೊಳೆ, ಅಕ್ಷರ ಎಲ್ಲಾ ಒಟ್ಟಿಗೆ ತೋರಿಸಿಬಿಡುತ್ತೆ. ಬಿಸಿಲು ಹಾಗಲ್ಲ, ಒಂದೊಂದಾಗಿ ಹೇಳುತ್ತೆ." ಪಕ್ಕದಲ್ಲಿಟ್ಟ ಕಾಫಿ ಆರಿ ತಣ್ಣಗಾಗಿ ಎಷ್ಟೋ ಹೊತ್ತಾಗಿದೆ.

ಅವರ ಕೆಲಸಕ್ಕೆ ಹೆಸರಿಲ್ಲ. ಬೀದಿಗೆ ಮುಖ ಮಾಡಿದ ಅಂಗಡಿಯಲ್ಲಿ ಅವರ ತಮ್ಮ ಪುಟ್ಟ ರೈಲುಗಳನ್ನು ಮಾರುತ್ತಾರೆ. ಕೊಂಡವರು ಮನೆಯ ಮೇಜಿನ ಮೇಲೆ ಹಳಿ ಹಾಸಿ, ನಿಲ್ದಾಣ ಕಟ್ಟಿ, ಬೆಟ್ಟ ಕೊರೆದು ಒಂದು ಊರನ್ನೇ ಎಬ್ಬಿಸುತ್ತಾರೆ. ಊರೆಂದ ಮೇಲೆ ರಸ್ತೆ ಬೇಕು, ರಸ್ತೆಯೆಂದ ಮೇಲೆ ಕಾರು, ಲಾರಿ, ಬಸ್ಸು ಬೇಕು. ಹಳೇ ಸಾಮಾನಿನ ಪೆಟ್ಟಿಗೆಗಳಲ್ಲಿ ಸಿಗುವ ಲೋಹದ ಗಾಡಿಗಳಲ್ಲಿ ಯಾವುದು ಯಾರ ತಯಾರಿ, ಯಾವ ಕಾಲದ್ದು, ಯಾವ ಅಳತೆಯ ರೈಲಿನ ಪಕ್ಕ ನಿಲ್ಲಬಹುದು ಎಂದು ಹೇಳುವುದು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತ ಅಕ್ಕನ ಪಾಲು. ಪುಟ್ಟ ರೈಲು ಓಡುವುದನ್ನು ಬಾಯಿಬಿಟ್ಟು ನೋಡುವವರಿಗೆ, ರೈಲ್ವೆ ಗೇಟಿನ ಬಳಿ ನಿಂತ ಲಾರಿಯನ್ನು ಗೊತ್ತು ಮಾಡಿದವರು ಯಾರೆಂಬ ಯೋಚನೆ ಬರುವುದಿಲ್ಲ. ಬರಲಿ ಎಂದು ಗಾಲಿಯಕ್ಕ ಕಾದು ಕೂತವರೂ ಅಲ್ಲ.

"ಯಾರಾದ್ರೂ ಕೇಳಿದ್ರೆ ನಮ್ಮ ತಮ್ಮನ ಹೆಂಡ್ತಿ, 'ಅತ್ತಿಗೆ ಆಟದ ಸಾಮಾನು ತೊಳೀತಾರೆ' ಅಂತಾಳೆ," ಎಂದು ನಗುತ್ತಾರೆ. "ಸುಳ್ಳೇನಲ್ಲ. ತೊಳೀತೀನಿ. ತೊಳೆದೇ ಕೆಟ್ಟೆ."

ನಗು ಅಲ್ಲಿಗೇ ನಿಲ್ಲುತ್ತದೆ. ಹೋದ ತಿಂಗಳು ತೊಳೆಯಬಾರದ ಲಾರಿಯೊಂದನ್ನು ತೊಳೆದು ಒಬ್ಬ ಹಿರಿಯರ ಮನಸ್ಸು ನೋಯಿಸಿದ ಕೊರಗು ಅವರನ್ನು ಇನ್ನೂ ಬಿಟ್ಟಿಲ್ಲ. ಅಂದಿನಿಂದ ಸುದ್ದಿಯೇ ಇರದ ಆ ಹಿರಿಯರು, ಇವತ್ತು ಸಂಜೆ ಮನೆಗೆ ಬಾ ಎಂದು ಹೇಳಿ ಕಳಿಸಿದ್ದಾರೆ. ಯಾಕೆಂದು ತಿಳಿಸಿಲ್ಲ.

ಹೆದರಿಕೆ ಮರೆಯಲು ಕೆಲಸವೇ ಮದ್ದು. ಗಾಲಿಯಕ್ಕ ಡ್ರಾಯರಿನಿಂದ ಉಗುರಿನಷ್ಟೆತ್ತರದ ಸೀಸದ ಗಂಡಸೊಬ್ಬನನ್ನು ತೆಗೆಯುತ್ತಾರೆ. ಒಂದು ತೋಳು ಮುರಿದ, ಟೋಪಿ ಹಾಕಿದ ಈ ಬೊಂಬೆಗೆ ಅವರಿಟ್ಟ ಹೆಸರು 'ಅಳಿಯಂದಿರು'. ಯಾವ ಗಾಡಿ ಬಂದರೂ ಮೊದಲು ಅಳಿಯಂದಿರನ್ನು ಅದರ ಬಾಗಿಲ ಪಕ್ಕ ನಿಲ್ಲಿಸಬೇಕು. ಅಳಿಯಂದಿರು ತಲೆ ಬಗ್ಗಿಸದೆ ಒಳಗೆ ಹೋಗುವಂತಿದ್ದರೆ ಅಳತೆ ಸರಿ. ಚಾವಣಿ ಅವರ ಸೊಂಟಕ್ಕೆ ಬಂದರೆ ಆ ಗಾಡಿ ಬೇರೆ ಊರಿಗೆ. ಹಳೇ ಕಾಲದ ತಯಾರಕರು ಒಂದೇ ಅಳತೆಯ ಡಬ್ಬಿಗೆ ಹೊಂದಲೆಂದು ಬಸ್ಸನ್ನೂ ಕಾರನ್ನೂ ಒಂದೇ ಉದ್ದಕ್ಕೆ ಎರಕ ಹೊಯ್ದು ಬಿಟ್ಟಿದ್ದಾರೆ. ಅಂಥವು ಬಂದಾಗ ಗಾಲಿಯಕ್ಕನಿಗೆ ರೇಗುತ್ತದೆ. "ಅಳಿಯಂದಿರನ್ನ ಕರೆದು ಅವಮಾನ ಮಾಡಿದ ಹಾಗಲ್ವಾ?"

ಅಳತೆಯಾದ ಮೇಲೆ ಗಾಲಿ. ಬರೀ ಲೋಹದ ಗಾಲಿ ಹಳೆಯದು, ಬೂದು ಪ್ಲಾಸ್ಟಿಕ್ಕಿನದು ಆಮೇಲಿನದು, ಪಟ್ಟೆ ಕೊರೆದ ಕಪ್ಪು ಗಾಲಿ ಇನ್ನೂ ಆಮೇಲಿನದು. ಕಿಟಕಿಗೆ ಗಾಜಿನ ಬದಲು ಏನಿದೆ, ಅಡಿಯ ತಗಡನ್ನು ಮೊಳೆ ತಟ್ಟಿ ಕೂರಿಸಿದ್ದಾರೋ ತಿರುಪು ಹಾಕಿದ್ದಾರೋ, ಅದನ್ನೂ ನೋಡಬೇಕು. ಹಳೇ ಎರಕ ಕೆಲವೊಮ್ಮೆ ಒಳಗೊಳಗೇ ಬಿರುಕು ಬಿಟ್ಟು, ಮುಟ್ಟಿದರೆ ಬಿಸ್ಕತ್ತಿನಂತೆ ಉದುರುತ್ತದೆ. ಅದಕ್ಕೇ ಅವರ ಹಿಡಿತ ಮೊಟ್ಟೆ ಹಿಡಿದವರ ಹಿಡಿತ. ದಿನಕ್ಕೆ ಹದಿನೈದೋ ಇಪ್ಪತ್ತೋ ಗಾಡಿ ನೋಡುವಷ್ಟರಲ್ಲಿ ಕುತ್ತಿಗೆ ಮರಗಟ್ಟಿರುತ್ತದೆ.

ಈ ಕಣ್ಣು ತಯಾರಾದದ್ದು ಬೇರೆ ಕಡೆ. ಗಾಲಿಯಕ್ಕ ಮೂವತ್ತು ವರ್ಷ ದುಡಿದದ್ದು ಹೆದ್ದಾರಿ ಬದಿಯ ಬಿಡಿಭಾಗಗಳ ಅಂಗಡಿಯಲ್ಲಿ. ಚಾಲಕರು ಮುರಿದ ಹಿಡಿಕೆಯನ್ನೋ ಒಡೆದ ದೀಪವನ್ನೋ ತಂದು ಕೌಂಟರಿನ ಮೇಲೆ ಕುಕ್ಕಿ "ಇಂಥದ್ದು ಕೊಡಿ" ಎನ್ನುತ್ತಿದ್ದರು. ಗಾಡಿಯ ಹೆಸರು ಕೇಳಿದರೆ "ಅದೇ, ನೀಲಿ ಲಾರಿ" ಎಂಬ ಉತ್ತರ. ತುಂಡು ನೋಡಿ ಇಡೀ ಗಾಡಿಯನ್ನು ಊಹಿಸುವುದು ಅಲ್ಲಿ ಅನ್ನದ ಪ್ರಶ್ನೆಯಾಗಿತ್ತು. ಹೆದ್ದಾರಿ ಬೇರೆ ಕಡೆ ತಿರುಗಿತು, ಅಂಗಡಿ ಮುಚ್ಚಿತು, ಮದುವೆಯ ಗೊಡವೆಗೇ ಹೋಗದ ಅಕ್ಕ ತಮ್ಮನ ಅಂಗಡಿಯ ಮೇಲಿನ ಎರಡು ಕೋಣೆಗೆ ಬಂದರು. ಮೊದಲ ವರ್ಷ ಕೈಗೆ ಕೆಲಸವಿಲ್ಲದೆ ಹುಚ್ಚು ಹಿಡಿದಂತಾಗಿತ್ತಂತೆ. ಒಂದು ದಿನ ತಮ್ಮ ಎಸೆಯಲು ಇಟ್ಟಿದ್ದ ಗಾಡಿಗಳ ಡಬ್ಬಿಯನ್ನು ಕಾಲ ಬಳಿ ಸುರುವಿಕೊಂಡು ಕೂತರು. "ಎಲ್ಲಾ ನನ್ನ ಹಳೇ ಗಿರಾಕಿಗಳೇ ಕಣ್ರೀ, ಕುಗ್ಗಿ ಹೋಗಿದ್ರು ಅಷ್ಟೆ."

ಇನ್ನು ಆ ಲಾರಿಯ ವಿಚಾರ. ಗೇಟಜ್ಜ ಎಂದೇ ಎಲ್ಲರೂ ಕರೆಯುವ ಹಿರಿಯರೊಬ್ಬರು ಆಯುಸ್ಸೆಲ್ಲ ರೈಲ್ವೆ ಗೇಟು ಹಾಕಿ ತೆಗೆದವರು. ನಿವೃತ್ತರಾದ ಮೇಲೆ ಅದೇ ಗೇಟನ್ನು, ತಾವು ಕೆಲಸಕ್ಕೆ ಸೇರಿದ ವರ್ಷ ಹೇಗಿತ್ತೋ ಹಾಗೆ, ಮೇಜಿನ ಮೇಲೆ ಕಟ್ಟಿದ್ದಾರೆ. ಅದರ ಮುಂದೆ ನಿಲ್ಲಿಸಿದ್ದ ಲಾರಿ ನೋಡಿ, ಆ ವರ್ಷ ನಿಮ್ಮ ಈ ಲಾರಿ ಇನ್ನೂ ರಸ್ತೆಗೇ ಇಳಿದಿರಲಿಲ್ಲ ಎಂದು ಗೆಳೆಯರೊಬ್ಬರು ಕೆಣಕಿದರು. ಅಜ್ಜ ಲಾರಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದು, "ನೀನೇ ತೀರ್ಪು ಹೇಳು" ಎಂದು ಗಾಲಿಯಕ್ಕನ ಕೈಗಿಟ್ಟು ಹೋದರು.

ಅಡಿಯ ಅಕ್ಷರ ಕಾಣದಷ್ಟು ಕೆಸರು. ಗಾಲಿಯಕ್ಕ ಎಂದಿನಂತೆ ಬೆಚ್ಚಗಿನ ಸೋಪಿನ ನೀರಿಗೆ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರು. ಅಕ್ಷರ ಕಂಡಿತು. ಲಾರಿ ಅಜ್ಜ ಕೆಲಸಕ್ಕೆ ಸೇರುವುದಕ್ಕಿಂತ ಎರಡು ವರ್ಷ ಮೊದಲಿನದು, ಅಜ್ಜ ಗೆದ್ದಿದ್ದರು. ಬಂದ ಅಜ್ಜ ಮಾತ್ರ ಗೆದ್ದ ಸುದ್ದಿ ಕೇಳಿಸಿಕೊಳ್ಳಲೇ ಇಲ್ಲ. ಫಳಫಳ ಹೊಳೆಯುವ ಲಾರಿಯನ್ನು ನೋಡಿ, "ಅದು ನಮ್ಮನೆಯವಳು ಹಚ್ಚಿದ್ದ ಕೆಸರಮ್ಮಾ" ಎಂದರು.

ಅಜ್ಜಿ ತೀರಿಕೊಂಡು ವರ್ಷವಾಗಿರಲಿಲ್ಲ. ನೀರಿನ ಬಣ್ಣಕ್ಕೆ ಸೀಮೆಸುಣ್ಣದ ಪುಡಿ ಸೇರಿಸಿ, ಕಡ್ಡಿಯಂಥ ಕುಂಚದಲ್ಲಿ ಅಜ್ಜಿ ಹಚ್ಚಿದ್ದ ಕೆಸರದು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಗಾಲಿಯಕ್ಕ ಕ್ಷಮೆ ಕೇಳುವುದು ಬಿಟ್ಟು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು: "ಅಜ್ಜ, ಮೂವತ್ತು ವರ್ಷ ದಿನಾ ಕೆಸರು ಲಾರಿ ನೋಡಿದ ಕಣ್ಣಿದು. ಹಿಂದಿನ ಗಾಲಿಯಿಂದ ಸಿಡಿದು ಹಲಗೆಗೆ ಹತ್ತಿತ್ತು, ಮುಂದೆ ಕಮ್ಮಿ ಇತ್ತು. ನಿಜವಾದ ಕೆಸರು ಅಂದ್ಕೊಂಡೆ. ನಿಜವಾಗ್ಲೂ ಅಂದ್ಕೊಂಡೆ." ಅಜ್ಜ ಲಾರಿಯನ್ನು ಜೇಬಿಗಿಳಿಸಿ ಹೊರಟುಹೋದರು. ಅಂದಿನಿಂದ ಗಾಲಿಯಕ್ಕ ಯಾವ ಗಾಡಿ ಬಂದರೂ ಮೊದಲು ಕೇಳುತ್ತಾರೆ: "ಈ ಕೊಳೆ ತಾನಾಗೇ ಆಗಿದ್ದಾ, ಯಾರಾದ್ರೂ ಮಾಡಿದ್ದಾ?" ಗಿರಾಕಿಗಳು ಪಿಳಿಪಿಳಿ ಕಣ್ಣು ಬಿಡುತ್ತಾರೆ.

ಸಂಜೆ ಗೇಟಜ್ಜನ ಮನೆ. ಬಾಗಿಲು ತೆರೆದ ಅಜ್ಜ ನಗುವುದೂ ಇಲ್ಲ, ಗದರುವುದೂ ಇಲ್ಲ; ಒಳಕೋಣೆಯ ಮೇಜಿನ ಬಳಿ ಕರೆದೊಯ್ಯುತ್ತಾರೆ. ಕೆಂಪು ಬಿಳಿ ಪಟ್ಟೆಯ ಗೇಟು, ಅದರ ಪಕ್ಕ ಬೆಂಕಿಪೆಟ್ಟಿಗೆಯಷ್ಟು ಕಾವಲು ಮನೆ, ಹಳ್ಳ ಬಿದ್ದ ರಸ್ತೆ. ರಸ್ತೆಯ ಬದಿಯಲ್ಲಿ ಹೊಸದೊಂದು ಕಟ್ಟೆ ಎದ್ದಿದೆ, ಗಾಡಿ ತೊಳೆಯುವ ಕಟ್ಟೆ. ಅದರಿಂದ ಈಗಷ್ಟೇ ಇಳಿದು ಹೊರಟಂತೆ ನಿಂತಿದೆ ಹೊಳೆಯುವ ಲಾರಿ. ಕಟ್ಟೆಯ ಮೇಲೆ ಬಕೆಟ್ಟು ಹಿಡಿದ ಒಬ್ಬ ದಪ್ಪ ಹೆಂಗಸು. ಅವಳ ಮುಂದೆ, ಸರದಿಗೆ ಕಾದಂತೆ, ಅಜ್ಜಿ ಹಿಂದೆಯೇ ಹಚ್ಚಿದ್ದ ಕೆಸರು ಮೈಯೆಲ್ಲ ಮೆತ್ತಿದ ಒಂದು ಬಸ್ಸು.

"ನಾನು ಇಷ್ಟು ದಪ್ಪ ಇದೀನಾ ಅಜ್ಜ?" ಎನ್ನುತ್ತಾರೆ ಗಾಲಿಯಕ್ಕ.

"ಬಕೆಟ್ಟು ಹಿಡ್ಕೊಂಡಿರ್ತಾಳೆ ಅಷ್ಟೆ, ಈ ಬಸ್ಸಿಗೆ ಕೈ ಹಾಕೋ ಹಾಗಿಲ್ಲ," ಎನ್ನುತ್ತಾರೆ ಅಜ್ಜ. "ಕಾಲಿಗೆ ಗಟ್ಟಿಯಾಗಿ ಅಂಟು ಹಾಕಿದೀನಿ." ಆಮೇಲೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. "ಮಳೆ ಬಂದ್ರೆ ಆ ಗೇಟಿನ ಹತ್ರ ಮೊಣಕಾಲುದ್ದ ಕೆಸರು. ಅದರಲ್ಲೇ ನಡೆದು ನಮ್ಮನೆಯವಳು ನನಗೆ ಊಟ ತರೋಳು. ಇದನ್ನ ಹಚ್ಚುವಾಗ, ನಿಜವಾಗಿ ಕಾಣುತ್ತಾ, ನಿಜವಾಗಿ ಕಾಣುತ್ತಾ ಅಂತ ಬಂದೋರನ್ನೆಲ್ಲ ಕೇಳೋಳು. ಎಲ್ಲರೂ ಚೆನ್ನಾಗಿದೆ ಅನ್ನೋರು. ಸುಮ್ನೆ ಹೊಗಳ್ತಾರೆ ಅಂತ ಒಬ್ಬರನ್ನೂ ನಂಬಲಿಲ್ಲ. ನೀನು ಅವತ್ತು ಹೇಳಿದ್ದನ್ನ ನಂಬ್ತಿದ್ಲು. ತೊಳೆದೇಬಿಟ್ಟೆಯಲ್ಲಮ್ಮಾ, ಇನ್ನೇನು ಸಾಕ್ಷಿ ಬೇಕು?"

ಗಾಲಿಯಕ್ಕ ಕಣ್ಣೊರೆಸಿಕೊಂಡು ಮೇಜಿನ ಮೇಲೆ ಬಾಗುತ್ತಾರೆ. ಬಸ್ಸಿನ ಕೆಸರನ್ನು ಮುಟ್ಟದೆ, ಉಸಿರು ಬಿಗಿಹಿಡಿದು ಬಹಳ ಹೊತ್ತು ನೋಡುತ್ತಾರೆ. ಆಮೇಲೆ, ಇಷ್ಟು ವರ್ಷ ಯಾರಲ್ಲೂ ಏನನ್ನೂ ಕೇಳದ ಹೆಂಗಸು, ಒಂದು ಆಸೆ ಇದೆ ಎನ್ನುತ್ತಾರೆ.

"ಆ ಕಟ್ಟೆ ಮೇಲೆ ನನ್ನ ಪಕ್ಕ ಇನ್ನೊಬ್ಬರನ್ನ ನಿಲ್ಲಿಸೋಣ ಅಜ್ಜ, ಕೈಲಿ ಕುಂಚ ಕೊಟ್ಟು. ನಾನು ತೊಳೀತಾ ಇರ್ತೀನಿ, ಅವರು ಮತ್ತೆ ಕೆಸರು ಹಚ್ತಾ ಇರ್ಲಿ. ಬೊಂಬೆ ನಾನು ಹುಡುಕ್ತೀನಿ."

ಅಜ್ಜ ಮೆಲ್ಲಗೆ ಎದ್ದು, ಕೆಲಸದ ದಿನಗಳಲ್ಲಿ ಗೇಟಿನ ಮುಂದೆ ನಿಲ್ಲುತ್ತಿದ್ದ ಹಾಗೆ ನೆಟ್ಟಗೆ ನಿಂತು, ಅಂಗೈಯನ್ನು ತಮ್ಮ ಭುಜದ ಹತ್ತಿರ ಅಡ್ಡಲಾಗಿ ಹಿಡಿದು ತೋರಿಸುತ್ತಾರೆ.

"ಇಲ್ಲಿಗೆ ಬರ್ತಿದ್ಲು," ಎನ್ನುತ್ತಾರೆ. "ಅಳತೆ ತಪ್ಪಬಾರದು ನೋಡು."