ಸತ್ಯಮ್ಮ ಫೋಟೋ ತೆಗೆಯಲು ಬಿಡುವುದಿಲ್ಲ

ಪತ್ರಿಕೆಗೆ ಏನು ಕಳಿಸಿದರೂ ಮರುದಿನ ಅಚ್ಚಾಗುತ್ತದೆ ಎಂದು ನಾನು ಇಪ್ಪತ್ತನಾಲ್ಕನೆಯ ವಯಸ್ಸಿನವರೆಗೂ ನಂಬಿದ್ದೆ. ಹಾಗಾಗಿ ಮೊದಲ ಪ್ರೆಸ್ ನೋಟ್ ಕಳಿಸಿದ ಮರುದಿನ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಒಂದೇ ಪೇಪರಿನ ಹತ್ತು ಪ್ರತಿ ಕೊಂಡೆ. ಮಾರುವವನು ದನಿ ತಗ್ಗಿಸಿ, "ಮನೆಯಲ್ಲಿ ಯಾರಾದರೂ ಹೋದರಾ?" ಎಂದು ಕೇಳಿದ. ಶ್ರದ್ಧಾಂಜಲಿ ಹಾಕಿಸಿದವರು ಮಾತ್ರ ಹೀಗೆ ಕೊಳ್ಳುತ್ತಾರಂತೆ. ನನ್ನ ಸುದ್ದಿ ಇರಲಿಲ್ಲ. ಒಂಬತ್ತರಲ್ಲಿ ಇಲ್ಲದ್ದು ಹತ್ತನೆಯದರಲ್ಲಿ ಇದ್ದೀತೆಂದು ಅದನ್ನೂ ಬಿಡಿಸಿ ನೋಡಿದೆ.

ನಾನು ಹಿತೇಶ್. ಠಾಣೆಯ ಒಂದು ಸಣ್ಣ ಆರೋಗ್ಯ ಟ್ರಸ್ಟಿನಲ್ಲಿ ಮೀಡಿಯಾ ಕೋಆರ್ಡಿನೇಟರ್. ಶಿಬಿರಕ್ಕೆ ಮುಂಚೆ ಪತ್ರಕರ್ತರಿಗೆ ಫೋನ್ ಮಾಡುವುದು, ಅವರು ಎತ್ತದಿದ್ದರೆ ವಾಟ್ಸಾಪ್ ಕಳಿಸಿ ನೀಲಿ ಟಿಕ್ಕಿಗೆ ಕಾಯುವುದು ನನ್ನ ಕೆಲಸ. ಅಮ್ಮ ಮಾತ್ರ ಉಡುಪಿಯ ನೆಂಟರಿಗೆಲ್ಲ "ಅವ ಪೇಪರಿನಲ್ಲಿದ್ದಾನೆ" ಎಂದು ಹೇಳಿಕೊಂಡಿದ್ದಾಳೆ.

ಸತ್ಯಮ್ಮ ಘಣಸೋಲಿಯ ನಾಕಾದಲ್ಲಿ, ರಸ್ತೆಗಳು ಕೂಡುವ ಕಡೆ, ಜೋಳದ ರೊಟ್ಟಿ ಮಾರುವವಳು. ಬೆಳಿಗ್ಗೆ ಏಳಕ್ಕೆ ಕೂಲಿಯವರು ಅಲ್ಲಿ ಸಾಲಾಗಿ ನಿಲ್ಲುತ್ತಾರೆ. ಕೂಲಿ ಗುತ್ತಿಗೆಯ ಮುಕಾದಮರು ಬಂದು ಮೈಕಟ್ಟು ನೋಡಿ, "ನೀನು, ನೀನು, ನೀನು ಬೇಡ" ಎಂದು ಆರಿಸಿ ಕಟ್ಟಡದ ಕೆಲಸಕ್ಕೆ ಕರೆದೊಯ್ಯುತ್ತಾರೆ. ಮಾನ್ವಿ ಕಡೆಯಿಂದ ಬಂದ ಸತ್ಯಮ್ಮ ಮೊದಲು ಆ ಸಾಲಿನಲ್ಲೇ ನಿಂತು ಇಟ್ಟಿಗೆ ಹೊತ್ತವಳು. ಈಗ ಛತ್ರಿಯ ಕೆಳಗೆ ರೊಟ್ಟಿ ಬುಟ್ಟಿ, ಶೇಂಗಾ ಚಟ್ನಿ. ಹಿಂದೆ ಬೇರೊಂದು ಚೀಲದಲ್ಲಿ ನಮ್ಮ ಟ್ರಸ್ಟು ಕೊಟ್ಟ ಕಫದ ಡಬ್ಬಿಗಳು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮುವವನು ಕಂಡರೆ ಸದ್ದಿಲ್ಲದೆ ಒಂದು ಡಬ್ಬಿ ಕೊಟ್ಟು, ತುಂಬಿದ್ದನ್ನು ಟಿಬಿ ಪರೀಕ್ಷೆಗೆ ತಾನೇ ಒಯ್ದು ಕೊಡುತ್ತಾಳೆ.

ಮೊದಲ ದಿನ ನಾನು ಫೋಟೋಕ್ಕೆ ಫೋನ್ ಎತ್ತಿದ ಕೂಡಲೇ ಅವಳು ಚಟ್ನಿಯ ಸೌಟು ಎತ್ತಿದಳು.

"ಏ ತಮ್ಮಾ, ಅದನ್ನ ಕಿಸೆದಾಗ ಇಡು. ಎಷ್ಟು ತಗದಿ?"

"ಒಂದೂ ಇಲ್ಲ ಅಕ್ಕಾ."

"ಎಲ್ಲಿ, ತೋರ್ಸು."

ಎರಡು ಇದ್ದವು. ಅವಳೆದುರೇ ಅಳಿಸಬೇಕಾಯಿತು.

ಅವಳಿಗೆ ನನ್ನ ಮೇಲೆ ಅನುಮಾನ. ನನಗೆ ಅವಳ ಮೇಲೆ. ಅವಳ ನೋಟ್‌ಬುಕ್ಕಿನಲ್ಲಿ ಒಂದೂ ಹೆಸರಿರಲಿಲ್ಲ. "ಕೆಂಪು ಟೊಪಗಿ", "ದೇವದುರ್ಗದ ಉದ್ದನ್ನಾವ", "ಬೀಡಿ ಬಿಟ್ಟಾವ" ಎಂದೆಲ್ಲ ಬರೆದಿತ್ತು. ಇವಳು ಇಲ್ಲದ ರೋಗಿಗಳನ್ನು ಸೃಷ್ಟಿಸುತ್ತಿದ್ದಾಳೆ ಎಂದುಕೊಂಡೆ. ಆಫೀಸಿನಲ್ಲಿ ಪತ್ತೇದಾರನ ಗತ್ತಿನಲ್ಲಿ ನಮ್ಮ ಜ್ಯೋತ್ಸ್ನಾ ಮೇಡಂಗೆ ಹೇಳಿಯೂ ಬಿಟ್ಟೆ. ಅವರು ಕಂಪ್ಯೂಟರಿನಿಂದ ತಲೆಯೆತ್ತದೆ, "ಬಾಲಪ್ಪನ ವಿಷಯ ನಿನಗೆ ಗೊತ್ತಿಲ್ಲವಾ?" ಎಂದರು.

ಕಳೆದ ವರ್ಷ ನನ್ನ ಕುರ್ಚಿಯಲ್ಲಿದ್ದವನು ಬಾಲಪ್ಪ ಎಂಬ ಕೂಲಿಯಿಂದ ಇಂಗ್ಲಿಷ್ ಫಾರಮ್ಮಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು, ಅವನು ಟಿಬಿ ಮಾತ್ರೆ ನುಂಗುತ್ತಿರುವ ಫೋಟೋವನ್ನು ಪೇಪರಿಗೆ ಕೊಟ್ಟಿದ್ದ. ನಾಕಾದ ಚಹಾದಂಗಡಿಯಲ್ಲಿ ಒಬ್ಬ ಪೇಪರ್ ಜೋರಾಗಿ ಓದುತ್ತಾನೆ, ಉಳಿದವರು ಕೇಳುತ್ತಾರೆ. ಮುಕಾದಮರೂ ಕೇಳಿದರು. ಮರುದಿನದಿಂದ ಬಾಲಪ್ಪನಿಗೆ "ನೀನು ಬೇಡ". ಹದಿನೈದು ದಿನ ನಿಂತು ನೋಡಿ, ಅಂಬರನಾಥಕ್ಕೆ ಹಮಾಲಿ ಮಾಡಲು ಹೋದ. ಟ್ರಸ್ಟಿನವರು ರೋಗಿಗಳ ಹೆಸರನ್ನು ಮುಕಾದಮರಿಗೆ ಕೊಡುತ್ತಾರೆಂಬ ಮಾತು ನಾಕಾ ತುಂಬ ಹರಡಿತು. ಆಮೇಲೆ ಬಂದ ಟ್ರಸ್ಟಿನ ಎಕ್ಸ್‌ರೇ ವ್ಯಾನು ಹತ್ತಿದವರು ಹನ್ನೊಂದೇ ಜನ.

"ಈ ಭಾನುವಾರ ಐವತ್ತು ಜನ ಬರದಿದ್ದರೆ ವ್ಯಾನು ಇನ್ನು ಘಣಸೋಲಿಗೆ ಹೋಗುವುದಿಲ್ಲ," ಎಂದರು ಮೇಡಂ. "ಪೇಪರಿನಿಂದ ಹುಟ್ಟಿದ ಭಯವನ್ನು ಪೇಪರಿನಿಂದಲೇ ಕಳೆಯಬೇಕು. ಸುದ್ದಿ ತರಿಸು."

ಏಳು ಜನ ಪತ್ರಕರ್ತರಿಗೆ ಬರೆದೆ. ಒಬ್ಬಳು ಉತ್ತರಿಸಿದಳು: ಮರಾಠಿ ಪೇಪರಿನ ನವಿ ಮುಂಬಯಿ ಪುರವಣಿಯ ಅಶ್ಮಿತಾ. ನನ್ನ ಹಾಗೇ ಊರಿಂದ ಬಂದ ಕನ್ನಡದವರಿಗೆ ಡೊಂಬಿವಲಿಯಲ್ಲಿ ಹುಟ್ಟಿದವಳು; ಕನ್ನಡ ತಿಳಿಯುತ್ತದೆ, ಉತ್ತರಿಸುವಾಗ ಹಿಂದಿ ಬೆರೆಸುತ್ತಾಳೆ.

"ವ್ಯಾನ್ ಬರುತ್ತೆ ಅನ್ನೋದು ಜಾಹೀರಾತು ಯಾರ್. ಚೆಹರಾ ಚಾಹಿಯೇ, ಒಂದು ಮುಖ. ಹೆಸರು ಹೇಳಿ ಮಾತಾಡೋ ಪೇಷಂಟ್ ಇದ್ದಾರಾ?"

"ಇದ್ದಾರೆ," ಎಂದೆ. ಯಾರಿದ್ದರು? ಯಾರೂ ಇಲ್ಲ. ನನ್ನದಲ್ಲದ ಮುಖವನ್ನು ಅಷ್ಟು ಸಲೀಸಾಗಿ ಕೊಡಬಲ್ಲೆನೆಂದು ನನಗೇ ಗೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಠಾಣೆಯಲ್ಲಿ ರೈಲು ಬದಲಿಸಿ ಅಶ್ಮಿತಾಳನ್ನು ನಾಕಾಕ್ಕೆ ಕರೆದುಕೊಂಡು ಹೋದೆ. ಸತ್ಯಮ್ಮ ಮೊದಲು ಅವಳ ಹೆಗಲಿನ ಕ್ಯಾಮೆರಾ ನೋಡಿದಳು, ಆಮೇಲೆ ನನ್ನ ಮುಖ.

"ಯಾರನ್ನ ಮಾರಿದಿ?"

"ಹಾಗಲ್ಲ ಅಕ್ಕಾ..."

"ಮತ್ಯಾಂಗ? ಕೂಡು. ರೊಟ್ಟಿ ತಿನ್ನು. ಬಾಯಿ ತುಂಬಿದ್ರ ಸುಳ್ಳು ಬರೂದಿಲ್ಲ."

ರೊಟ್ಟಿ, ಚಟ್ನಿ, ಮೇಲೆ ಒಂದು ಹಸಿ ಈರುಳ್ಳಿ ಕೈಗಿಟ್ಟಳು. ಅಶ್ಮಿತಾ ಸಾಲಿನ ಕಡೆ ಹೋದಳು. ಅವಳು ಒಂದು ಹೆಜ್ಜೆ ಮುಂದಿಟ್ಟರೆ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು. ಒಬ್ಬ ಬಂದ ಕೆಮ್ಮನ್ನು ಟವೆಲ್ಲಿನಲ್ಲಿ ಅದುಮಿಕೊಂಡು ಬೇರೆ ಕಡೆ ತಿರುಗಿದ. ಚಹಾದಂಗಡಿಯಲ್ಲಿದ್ದ ಮುಕಾದಮ ಗ್ಲಾಸು ಕೆಳಗಿಟ್ಟು ನೋಡತೊಡಗಿದ: ಕ್ಯಾಮೆರಾವನ್ನಲ್ಲ, ಕ್ಯಾಮೆರಾ ಯಾರ ಕಡೆ ತಿರುಗುತ್ತದೆ ಎನ್ನುವುದನ್ನು.

ಅಶ್ಮಿತಾ ಸಿಟ್ಟಿನಿಂದ ವಾಪಸ್ಸು ಬಂದಳು. "ಇಲ್ಲಿ ಯಾರಿಗೂ ಟಿಬಿ ಇಲ್ಲ, ಯಾರೂ ಗುಣವಾಗಿಲ್ಲ. ಫಿರ್ ಈ ಪ್ರೋಗ್ರಾಮ್ ಯಾರಿಗಾಗಿ? ಅಥವಾ ಎಲ್ಲ ಕಾಗದದ ಮೇಲೆ ಮಾತ್ರವಾ?"

ಅದು ನನ್ನದೇ ಅನುಮಾನ, ಬೇರೆ ಬಾಯಿಂದ ಬಂದಿತ್ತು. ನಾನು ರೊಟ್ಟಿ ಅಗಿಯುತ್ತ ಕೆಳಗೆ ನೋಡಿದೆ.

ಸತ್ಯಮ್ಮ ಸಾಲಿನ ಕಡೆ ನೋಡಿದಳು. ಮುಕಾದಮನ ಕಡೆ ನೋಡಿದಳು. ಬುಟ್ಟಿಯ ಬಟ್ಟೆ ಸರಿಪಡಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು ನೆಟ್ಟಗೆ ಕುಳಿತಳು.

"ಅವ್ರನ್ನ ಬಿಡು ತಂಗಿ. ಇಲ್ಲಿ ನೋಡು. ನನಗ ಆಗಿತ್ತು. ಎಂಟು ವರ್ಷ ಆತು. ಊರಿಗೆ ಹೋಗ್ತೀನಂತ ಎಲ್ಲಾರಿಗೂ ಸುಳ್ಳು ಹೇಳಿ ಆರು ತಿಂಗಳ ಇಲ್ಲೇ ರಬಾಳ್ಯಾದಾಗ ಖೋಲಿ ಹಿಡದು ಗುಳಿಗಿ ನುಂಗೀನಿ. ಆರಾಮಾತು. ಆಮ್ಯಾಲೆ ಎರಡು ವರ್ಷ ಇಟ್ಟಂಗಿ ಹೊತ್ತೀನಿ, ಅಂವ ಕುಂತಾನಲ್ಲ, ಆ ಮುಕಾದಮನ ಸೈಟಿನ್ಯಾಗ. ಸತ್ಯಮ್ಮ ಅಂತ ಬರಕೋ. ಘಣಸೋಲಿ ನಾಕಾ, ರೊಟ್ಟಿ ಸತ್ಯಮ್ಮ. ಐತವಾರ ಮೊದಲ ನಾನ ವ್ಯಾನ್ ಹತ್ತತೀನಿ. ತಗಿ ಫೋಟೋ."

ಇಷ್ಟು ಜೋರಾಗಿ ಹೇಳಿದ್ದು ಅಶ್ಮಿತಾಗಾಗಿ ಅಲ್ಲ. ಚಹಾದಂಗಡಿಯವರೆಗೂ ಕೇಳಿಸಿತು. ಸಾಲಿನಲ್ಲಿ ಟವೆಲ್ ಹಿಡಿದವನು ಈ ಕಡೆ ತಿರುಗಿದ.

ಕ್ಯಾಮೆರಾ ಮೂರು ಸಲ ಕ್ಲಿಕ್ಕೆಂದಿತು. ನನ್ನ ಹಲ್ಲುಗಳ ನಡುವೆ ರೊಟ್ಟಿ ನಿಂತೇಹೋಗಿತ್ತು. ಮಾತ್ರೆ ಮುಗಿಸಿದರೆ ಪೂರ್ತಿ ಗುಣ, ಊಟದಿಂದ ಟಿಬಿ ಹರಡುವುದಿಲ್ಲ: ಇದೆಲ್ಲ ನಾನೇ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆದದ್ದು. ಆದರೂ ದವಡೆ ಅಲ್ಲಾಡಲಿಲ್ಲ. ಕರಪತ್ರ ಬರೆದವನೇ ಹೀಗಾದರೆ, ಅದನ್ನು ಓದದ ಈ ನಾಕಾದವರು?

ಬಾಯಿ ತುಂಬಿಕೊಂಡೇ ಕೇಳಿದೆ: "ಅಕ್ಕಾ, ಇದು ಪೇಪರಿನಲ್ಲಿ ಬಂದ ಮೇಲೆ ನಿಮ್ಮ ರೊಟ್ಟಿ ಯಾರು ತಿಂತಾರೆ?"

ಸತ್ಯಮ್ಮ ನನ್ನ ಉಬ್ಬಿದ ಕೆನ್ನೆಯನ್ನೇ ನೋಡಿದಳು.

"ಮೊದಲ ನೀ ಬಾಯಾಗಿಂದು ನುಂಗು."