ನಿಂಗೇಗೌಡರ ಕಿವಿ, ನನ್ನ ಹೊಟ್ಟೆಕಿಚ್ಚು

ಕೊರೊನಾ ಕಾಟ ತಗ್ಗಿದ ಮರುವರ್ಷ ನಾನು ಪಾಂಡವಪುರದ ಒಂದು ಸಣ್ಣ ಕಿವಿ ಕ್ಲಿನಿಕ್ಕಿನಲ್ಲಿ ಹಿರಿಯ ಆಡಿಯಾಲಜಿಸ್ಟ್, ಅಂದರೆ ಶ್ರವಣ ಪರೀಕ್ಷಕಿ. ಇಪ್ಪತ್ತು ವರ್ಷದ ಅನುಭವ ಬೆನ್ನಿಗಿತ್ತು. ಆದರೂ ಬಂದವರೆಲ್ಲ “ರೂಪಮ್ಮ ಇಲ್ವಾ?” ಎಂದೇ ಕೇಳುತ್ತಿದ್ದರು. ನನ್ನ ಕೈಕೆಳಗಿನ ರೂಪಾ ಸೇರಿ ಎಂಟು ತಿಂಗಳೂ ಆಗಿರಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯುತ್ತಿತ್ತು.

ತೊಣ್ಣೂರು ಕಡೆಯ ನಿಂಗೇಗೌಡರೂ ಅವಳನ್ನೇ ಕೇಳಿಕೊಂಡು ಬಂದರು. ಅವಳು ಬೇರೆ ರೋಗಿಯ ಜೊತೆಗಿದ್ದಳು. ನಾನೇ ಕರೆದು ಕೂರಿಸಿಕೊಂಡೆ.

ಅವರು ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವರು. ಕುದಿಯುವ ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಗಟ್ಟಿಯಾದ ಉಂಡೆಯನ್ನು ತಟ್ಟೆಗೆ ಬಡಿಯುತ್ತಾರೆ. ಟಣ್ ಎಂದರೆ ಕೊಪ್ಪರಿಗೆ ಇಳಿಸುವ ಹದ. ಆಳು ಸಾಲದೆ ಆ ವರ್ಷ ಗಾಣಕ್ಕೆ ಕಬ್ಬು ಕೊಡುವ ಕೆಲಸವೂ ಅವರ ಪಾಲಿಗೆ ಬಂದಿತ್ತು. ಡೀಸೆಲ್ ಇಂಜಿನ್ನು ಅಲ್ಲಿಂದ ಒಂದೇ ಮಾರು ದೂರ.

“ಆ ಟಣ್ಣೇ ಕೇಳ್ತಿಲ್ಲ ಕಣವ್ವಾ. ಎರಡು ಕೊಪ್ಪರಿಗೆ ಹಾಳ್ಮಾಡ್ದೆ. ಮನಿಕೊಂಡ್ರೂ ಕಿವಿ ಒಳ್ಗೆ ಇಂಜಿನ್ನು ಓಡ್ತಾನೇ ಇರ್ತದೆ. ಕಿವುಡ ಅಂತ ಬರ್ಕೊಟ್ಬುಟ್ರೆ ಆಲೆಮನೆ ಯಜಮಾನ್ರು ಪಾಕದ ತಾವ್ಕೆ ಬುಡಾಕಿಲ್ಲ.”

ಪರೀಕ್ಷಿಸಿದೆ. ಯಾವ ಸ್ವರ ಎಷ್ಟು ಜೋರಾದರೆ ಕೇಳುತ್ತದೆ ಎಂದು ತೋರಿಸುವ ನಕ್ಷೆಗೆ ಆಡಿಯೋಗ್ರಾಂ ಎನ್ನುತ್ತೇವೆ. ಅದು ನಾಲ್ಕು ಸಾವಿರ ಹರ್ಟ್ಸ್, ಅಂದರೆ ಕೀರಲು ಸ್ವರದ ಬಳಿ ಕುಸಿದಿತ್ತು. ಗದ್ದಲಕ್ಕೆ ಸಿಕ್ಕ ಕಿವಿಯ ಗುರುತು ಅದು. ರೂಪಾ ಬರುವಷ್ಟರಲ್ಲಿ ಮುಗಿಸಬೇಕೆಂಬ ಹಟ ನನಗೆ. ‘ಶಾಶ್ವತ ಶ್ರವಣ ನಷ್ಟ’ ಎಂದು ಚೀಟಿಯಲ್ಲಿ ಬರೆದು ಸಹಿ ಹಾಕಿಬಿಟ್ಟೆ.

ಅಷ್ಟರಲ್ಲಿ ಬಂದ ರೂಪಾ ನಕ್ಷೆ ನೋಡಿ, ಅವರ ಕಿವಿಯ ಹತ್ತಿರ ಬಗ್ಗಿ ಕೇಳಿದಳು: “ಗೌಡ್ರೇ, ಗಾಣದ ತಾವಿಂದ ಯಾವಾಗ ಎದ್ದು ಬಂದ್ರಿ?”

“ಈಗ್ಲೇ ಕಣವ್ವಾ. ಕಬ್ಬು ಕೊಟ್ಟು, ಅಂಗೇ ಬಸ್ಸತ್ಕೊಂಡು ಬಂದ್ಬುಟ್ಟೆ.”

ನನಗೆ ಮುಖಕ್ಕೆ ಹೊಡೆದಂತಾಯಿತು. ಗದ್ದಲದಿಂದ ಎದ್ದು ಬಂದ ಕಿವಿ ಕೆಲವು ಗಂಟೆ, ಒಮ್ಮೊಮ್ಮೆ ಒಂದೆರಡು ದಿನ ಮಂಕಾಗಿರುತ್ತದೆ. ವಿರಾಮ ಕೊಟ್ಟ ಮೇಲೆಯೇ ಅಳೆಯಬೇಕು. ಅದು ನಾನೇ ರೂಪಾಗೆ ಹೇಳಿಕೊಟ್ಟ ಮೊದಲ ಪಾಠ. ಈ ಮಂಕು ತಾತ್ಕಾಲಿಕವಿರಬಹುದೆಂಬ ಅವಳ ಊಹೆ ಸುಳ್ಳಾಗಲಿ ಎಂದು ಒಳಗೊಳಗೇ ಹಾರೈಸುತ್ತಲೇ ಚೀಟಿ ಹರಿದು, ಎರಡು ದಿನ ಬಿಟ್ಟು ಬನ್ನಿ ಎಂದೆ.

ಗೌಡರು ಎರಡು ದಿನ ಗಾಣದ ಹತ್ತಿರ ಸುಳಿಯದೆ ಮತ್ತೆ ಬಂದರು. ಸ್ವಲ್ಪ ನಷ್ಟ ಉಳಿದಿತ್ತು, ಅದು ಇನ್ನು ಮರಳದು. ಆದರೆ ಕೇಳುವ ಶಕ್ತಿ ಬಹುಪಾಲು ವಾಪಸಾಗಿತ್ತು. ಗಾಣದ ಕೆಲಸ ಬಿಡಿಸಿ, ಇಂಜಿನ್ ಓಡುವಾಗ ಕಿವಿಗೆ ರಕ್ಷಣೆ ಕೊಡಿ ಎಂದು ಯಜಮಾನರಿಗೆ ಬರೆದುಕೊಟ್ಟೆ. ಪಾಕ ಗೌಡರ ಕೈಯಲ್ಲೇ ಉಳಿಯಿತು.

ತಿಂಗಳಾದ ಮೇಲೆ ಎರಡು ಅಚ್ಚು ಬೆಲ್ಲ ತಂದರು. ಎರಡನ್ನೂ ರೂಪಾಳ ಕೈಗಿಟ್ಟರು. ಅವಳು ಒಂದನ್ನು ನನ್ನ ಮೇಜಿಗೆ ತಂದಿಟ್ಟಳು. ಅದಕ್ಕೂ ಹೊಟ್ಟೆ ಉರಿಯಿತು.

ಗಾಣದಿಂದ ಎದ್ದು ಬಂದ ಕಿವಿಯನ್ನು ಅಳೆಯಬಾರದು. ಹೊಟ್ಟೆ ಉರಿಯುವಾಗ ಅಳೆಯಲು ಕೂರಲೂಬಾರದು.