ಕಾಫಿ ಗ್ಲಾಸನ್ನು ಮತ್ತೆ ತೊಳೆದವಳು

ಕೊರೊನಾ ಕಳೆದ ಮೇಲಿನ ಎರಡನೆಯ ಕೊಯ್ಲು ಅದು. ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಹೆಂಗಸರ ಗ್ಯಾಂಗಿಗೆ ಮೇಸ್ತ್ರಿ. ಮೇಸ್ತ್ರಿ ಎಂದರೆ ಕೆಲಸದವರನ್ನು ಸಾಲು ಹಿಡಿಸಿ ಹಣ್ಣು ಕುಯ್ಯಿಸುವವಳು, ಜಗಳ ಬಿಡಿಸುವವಳು. ಹಣ್ಣು ಕುಯ್ಯಿಸುವುದು ಸುಲಭ.

ಹತ್ತು ಗಂಟೆಗೆ ಕಮಲಾಕ್ಷಿ ಬೆಲ್ಲದ ಕಾಫಿ ಕಾಯಿಸಿ ತರುತ್ತಿದ್ದಳು. ಅವಳು ಗ್ಲಾಸು ತುಂಬಿಸಿ ಕೊಟ್ಟರೆ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತಾ ಹೋಗುವುದು ನಮ್ಮ ರೂಢಿ. ಮಲಯಾಳ, ತಮಿಳು, ತುಳು, ಕನ್ನಡ ಎಲ್ಲ ಒಂದೇ ಸಾಲು. ಕಮಲಾಕ್ಷಿಯೂ ನಾನೂ ಒಂದೇ ಜಾತಿ. ನಮ್ಮ ಅವ್ವಂದಿರಿಗೆ ಧಣಿಗಳ ಹಿತ್ತಲಲ್ಲಿ ತೆಂಗಿನ ಚಿಪ್ಪಿಗೆ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು. ಆ ಕಾಲ ಹೋಗಿ ಈ ಗ್ಲಾಸು ಬಂದದ್ದು ಸುಮ್ಮನೆ ಬಂದದ್ದಲ್ಲ.

ಟ್ರ್ಯಾಕ್ಟರ್ ಓಡಿಸುವ ಸುರೇಶನ ಹೆಂಡತಿ ಲಲಿತ. ಸೋಮವಾರಪೇಟೆ ಕಡೆಯವಳು, ನಮಗಿಂತ ಮೇಲು ಎಂದುಕೊಳ್ಳುವ ಜಾತಿಯ ಹುಡುಗಿ. ಕೊರೊನಾ ಕಾಲದಲ್ಲಿ ಎಲ್ಲರೂ ಕೈ ತೊಳೆಯುತ್ತಿದ್ದರು, ಅವಳೂ ತೊಳೆಯುತ್ತಿದ್ದಳು. ನಾವು ಬಿಟ್ಟೆವು, ಅವಳು ಬಿಡಲಿಲ್ಲ. ಕಮಲಾಕ್ಷಿ ಕೊಟ್ಟ ಗ್ಲಾಸಿನ ಕಾಫಿಯನ್ನು ಗಿಡದ ಬುಡಕ್ಕೆ ಚೆಲ್ಲಿ, ಗ್ಲಾಸನ್ನು ನಲ್ಲಿಗೆ ಒಯ್ದು ತಿಕ್ಕುವಳು. ತಂದಿಟ್ಟು ಮತ್ತೆ ಒಯ್ಯುವಳು.

“ನನ್ನ ಕೈಯಲ್ಲೇನು ಹೇಲು ಹತ್ತಿದ್ಯಾ? ನಾಳೆಯಿಂದ ಚಿಪ್ಪು ತರ್ತೀನಿ, ನೀನೇ ಎತ್ತಿ ಹೊಯ್ಯಿ ತಾಯಿ,” ಎಂದಳು ಕಮಲಾಕ್ಷಿ.

ಲಲಿತ ತಲೆ ತಗ್ಗಿಸಿ, “ಹಂಗಲ್ಲಕ್ಕ, ಹಂಗಲ್ಲ,” ಎಂದಳು. ಹಾಗೆನ್ನುತ್ತಲೇ ಗ್ಲಾಸು ಹಿಡಿದು ಮತ್ತೆ ನಲ್ಲಿಗೆ ನಡೆದಳು. ಲೈನು ಎಂದರೆ ಕೆಲಸದವರ ಸಾಲುಮನೆಗಳು, ಅಲ್ಲಿನ ಹೆಂಗಸರು ಅವಳ ಜೊತೆ ಮಾತು ಬಿಟ್ಟರು. ಅವರದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಸುಟ್ಟ ಜಾಗಕ್ಕೆ ಬಿಸಿ ತಾಗಿದರೆ ಉರಿಯುತ್ತದೆ.

ಒಂದು ಭಾನುವಾರ ಲೈನಿನ ಹಿಂದೆ ಹೋಗುತ್ತಿದ್ದೆ. ಲಲಿತಳ ಮಗು ಎತ್ತಿಕೋ ಎಂದು ಅಳುತ್ತಾ ಅವಳ ಸೀರೆ ಹಿಡಿಯಿತು. ಅವಳು ಎತ್ತಿಕೊಂಡಳು. ಇಳಿಸಿದಳು. ನಲ್ಲಿಗೆ ಓಡಿದಳು. ತೊಳೆದು ಬಂದು ಎತ್ತಿಕೊಂಡಳು, ಮತ್ತೆ ಓಡಿದಳು. ಮಗುವಿಗಿಂತ ಜೋರಾಗಿ ಅವಳು ಅಳುತ್ತಿದ್ದಳು. ಹೆತ್ತ ಮಗುವಿನಿಂದ ಮೈಲಿಗೆ ಯಾರಿಗಾಗುತ್ತದೆ?

ಇದನ್ನು ರೈಟರನಿಗೆ ಹೇಳಿದೆ. ರೈಟರ್ ಎಂದರೆ ಎಸ್ಟೇಟಿನ ಹಾಜರಿ ಹಿಡಿಯುವ ಗುಮಾಸ್ತ, ಲೈನು ಮನೆಗಳ ಯಜಮಾನಿಕೆಯೂ ಅವನದೇ. ಅವನು ಮಾಡಿದ್ದೇನು ಗೊತ್ತೇ? ನಲ್ಲಿಯ ತಿರುಪು ಕಳಚಿ ಜೇಬಿಗೆ ಹಾಕಿಕೊಂಡ. ನೀರು ಇಲ್ಲದಿದ್ದರೆ ಕೊಬ್ಬು ತಾನಾಗಿ ಇಳಿಯುತ್ತದೆ ಎಂದು ನಕ್ಕ. ಲಲಿತ ಪಲ್ಪರಿನ ಗುಂಡಿಗೆ ಹೋಗಿ ಕೈ ಅದ್ದಿದಳು. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ಹುಳಿತ ನೀರು ಅದು, ಹಸು ಕೂಡ ಮೂಸುವುದಿಲ್ಲ. ಒಡೆದ ಕೈಗೆ ಆ ನೀರು ತಾಗಿ ರಕ್ತ ಬಂತು. ಆ ಕೈ ಹಿಡಿದುಕೊಂಡೇ ಅವಳನ್ನು ಆಫೀಸಿಗೆ ಎಳೆದುಕೊಂಡು ಹೋದೆ.

“ತಿರುಪು ಕೊಡಿ ರೈಟರೇ.”

“ಶನಿವಾರದೊಳಗೆ ಇವಳನ್ನ ತವರಿಗೆ ಕಳಿಸ್ಬೇಕು. ಇಲ್ಲಾಂದ್ರೆ ಸುರೇಶನೂ ಮನೆ ಖಾಲಿ ಮಾಡ್ಲಿ.”

ಸುರೇಶ ಅಲ್ಲೇ ನಿಂತಿದ್ದ. “ಕಳಿಸ್ತೀನಿ ಸಾರ್. ಮಗು ನನ್ನ ಹತ್ರ ಇರುತ್ತೆ,” ಎಂದ. ಎಮ್ಮೆ ಮಾರುವವನೂ ಅಷ್ಟು ಬೇಗ ಒಪ್ಪುವುದಿಲ್ಲ. ಅವನನ್ನು ಬೈದು, ಮರುದಿನ ಇಬ್ಬರನ್ನೂ ಮಡಿಕೇರಿ ಬಸ್ಸು ಹತ್ತಿಸಿ ನಾನೂ ಹತ್ತಿದೆ.

ಅಲ್ಲಿನ ಆಸ್ಪತ್ರೆಯ ಮನೋವೈದ್ಯೆ ಲಲಿತಳ ಹತ್ತಿರ ಬಹಳ ಹೊತ್ತು ಮಾತಾಡಿದರು. ಇದು ಗೀಳು ಕಾಯಿಲೆ, ಇಂಗ್ಲಿಷಿನಲ್ಲಿ ಒ.ಸಿ.ಡಿ. ಎಂದರು. ಆಮೇಲೆ ನನ್ನನ್ನು ಕೇಳಿದರು, “ನಿಮ್ಮ ತೋಟಕ್ಕೆ ಆನೆ ಬರುತ್ತಾ ಅಜ್ಜಿ?”

“ಬರದೆ? ಬೇಲಿ ಮುಟ್ಟಿದ್ರೆ ಸೈರನ್ ಕೂಗುತ್ತೆ.”

“ಆನೆ ಹೋದ ಮೇಲೂ ಅದು ಕೂಗ್ತಾನೇ ಇದ್ರೆ?”

ಮೆದುಳಿನಲ್ಲಿ ಒಂದೊಂದು ಕೆಲಸಕ್ಕೂ ಹಲವು ಜಾಗಗಳು ಸೇರಿ ದುಡಿಯುತ್ತವೆ, ಅದಕ್ಕೆ ನೆಟ್‌ವರ್ಕ್ ಎನ್ನುತ್ತಾರಂತೆ. ಏನೋ ತಪ್ಪಾಗಿದೆ ಎಂದು ಎಚ್ಚರಿಸುವುದು ಒಂದು, ಸಾಕು ಬಿಡು ಎಂದು ತಡೆಯುವುದು ಇನ್ನೊಂದು. ಈ ಕಾಯಿಲೆಯವರಲ್ಲಿ ಎಚ್ಚರಿಸುವುದು ಹೆಚ್ಚು ಕೂಗುತ್ತದೆ, ತಡೆಯುವುದರ ಮಾತು ನಡೆಯುವುದಿಲ್ಲ. ಕೈ ಶುದ್ಧವಿದೆ ಎಂದು ಲಲಿತಳಿಗೆ ಗೊತ್ತು. ಗೊತ್ತಿದ್ದರೂ ಸೈರನ್ ನಿಲ್ಲುವುದಿಲ್ಲ.

“ಸ್ಕ್ಯಾನ್ ಮಾಡಿ ಒಂದು ಫೋಟೋ ಕೊಡಿ ಮೇಡಂ, ರೈಟರಿಗೆ ತೋರಿಸ್ಬೇಕು,” ಎಂದ ಸುರೇಶ.

ಅದು ಆಗುವುದಿಲ್ಲ ಎಂದರು ಅವರು. ಬಹಳ ಜನರ ಸ್ಕ್ಯಾನ್ ಹೋಲಿಸಿ ಸಂಶೋಧನೆಯಲ್ಲಿ ಕಂಡ ಮಾತು ಇದು, ಒಬ್ಬಳ ಫೋಟೋ ನೋಡಿ ಕಾಯಿಲೆ ಇದೆ, ಇಲ್ಲ ಎನ್ನಲಾಗದು, ಮಾತಾಡಿಯೇ ತಿಳಿಯಬೇಕು. ಮಾತ್ರೆ ಕೊಟ್ಟರು. ಜೊತೆಗೆ ಒಂದು ಅಭ್ಯಾಸ: ಹೆದರುವ ವಸ್ತುವನ್ನು ಮುಟ್ಟಿ, ತೊಳೆಯದೆ ಕೂರಬೇಕು. ಹೆದರಿಕೆ ಏರಿ ತಾನೇ ಇಳಿಯುವವರೆಗೆ ಕಾಯಬೇಕು. ಸಣ್ಣದರಿಂದ ಶುರು, ಅವಳು ಒಪ್ಪಿದಷ್ಟೇ. ಬಲವಂತ ಕೂಡದು. “ಕೊಳೆ ಇಲ್ಲ, ಕೊಳೆ ಇಲ್ಲ ಅಂತ ಪದೇ ಪದೇ ಸಮಾಧಾನ ಹೇಳ್ಬೇಡಿ, ಅದರಿಂದ ಗೀಳು ಬೆಳೆಯುತ್ತೆ,” ಎಂದು ನನಗೆ ಹೇಳಿದರು.

ವಾಪಸು ಬಂದು ಕಾಯಿಲೆ ಎಂದು ಹೇಳಿದಾಗ ರೈಟರ್ ಕೇಳಿದ ಮೊದಲ ಮಾತು, “ಫೋಟೋ ಎಲ್ಲಿ?” ಇಲ್ಲ ಎಂದೆ. “ಹಂಗಾದ್ರೆ ಕಾಯಿಲೆಯೂ ಇಲ್ಲ.”

ಇದೇ ಮನುಷ್ಯ ಬೈಕಿನಿಂದ ಬಿದ್ದಾಗ ಅವನ ಕಾಲಿನ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಲೈನಿಗೆಲ್ಲ ತೋರಿಸಿದ್ದ. ನಾವು ಬಾಳೆಹಣ್ಣು ಕೊಟ್ಟು ಬಂದಿದ್ದೆವು. ಮುರಿದ ಮೂಳೆಗೆ ಹಣ್ಣು, ಕಾಣದ ನೋವಿಗೆ ಗಡೀಪಾರು.

ಶನಿವಾರಕ್ಕೆ ಮೊದಲು ಕಮಲಾಕ್ಷಿಯ ಮನೆಗೆ ಹೋದೆ. ಲೈನು ಒಟ್ಟಾಗಿ ಇವಳು ಇರಲಿ ಎಂದರೆ ರೈಟರನ ಆಟ ನಡೆಯದು. ಲೈನು ಹಾಗೆನ್ನಬೇಕಾದರೆ ಕಮಲಾಕ್ಷಿ ಎನ್ನಬೇಕು. ನೆಟ್‌ವರ್ಕು, ಸೈರನ್ನು ಎಲ್ಲ ಹೇಳಿದೆ. ಅವಳು ಗೋಡೆ ನೋಡುತ್ತಾ ಕೂತಿದ್ದಳು. ಕೊನೆಗೆ ಮಗುವಿನ ಸಂಗತಿ ಹೇಳಿದೆ.

“ಅವಳ ಮಗೂನಾ? ಸ್ವಂತ ಮಗು ಮುಟ್ಟಿದ್ಕಾ?” ಎಂದಳು. “ಮೊದ್ಲೇ ಬೊಗಳೋಕಾಗಿರ್ಲಿಲ್ವಾ ನಿಂಗೆ?”

ಶನಿವಾರ ಹತ್ತು ಗಂಟೆಗೆ ರೈಟರನೂ ತೋಟಕ್ಕೆ ಬಂದು ನಿಂತ. ಲಲಿತ ತಾನೇ ಕಮಲಾಕ್ಷಿಯ ಮುಂದೆ ಬಂದಳು. “ಅರ್ಧ ಗ್ಲಾಸ್ ಕೊಡಕ್ಕ.” ಕಮಲಾಕ್ಷಿ ಕೊಟ್ಟಳು. ಲಲಿತ ಇಸಿದುಕೊಳ್ಳುವಾಗ ಕಾಫಿ ಸೀರೆಗೆ ಚೆಲ್ಲಿತು. ಕಣ್ಣು ಪಲ್ಪರಿನ ಗುಂಡಿಯ ಕಡೆಗೇ ಹೋಗುತ್ತಿತ್ತು. ಸಮಾಧಾನ ಹೇಳಬಾರದಲ್ಲ, ನಾನು ನನ್ನ ಗ್ಲಾಸು ಕುಡಿಯುತ್ತಾ ಕೂತೆ. ಅವಳು ಗುಟುಕರಿಸಿದಳು, ಬೆವತಳು, ಕೂತೇ ಇದ್ದಳು. ಕಾಫಿ ಮುಗಿಯಿತು. ಅವಳು ಏಳಲಿಲ್ಲ.

“ಇದೇನು ನಾಟಕ,” ಎಂದ ರೈಟರ್.

ಕಮಲಾಕ್ಷಿ ತಿರುಗಿದಳು. “ಇವಳು ಲೈನಲ್ಲೇ ಇರ್ತಾಳೆ. ಕಳಿಸೋದಾದ್ರೆ ನಮ್ಮನ್ನೆಲ್ಲ ಕಳಿಸಿ, ಹಣ್ಣು ನೀವೇ ಕುಯ್ಕೊಳ್ಳಿ. ಈಗ ಆ ತಿರುಪು ಇಲ್ಲಿ ಕೊಡಿ.”

ಹೆಂಗಸರು ಒಬ್ಬೊಬ್ಬರಾಗಿ ಬುಟ್ಟಿ ಕೆಳಗಿಟ್ಟರು. ಅವನು ಜೇಬಿಗೆ ಕೈ ಹಾಕಿದ.

ಲಲಿತಳ ಗೀಳು ಪೂರ್ತಿ ಹೋಗಿಲ್ಲ. ಮಗುವನ್ನು ಎತ್ತಿಕೊಂಡೇ ತಿರುಗುತ್ತಾಳೆ, ಅಷ್ಟಾಗಿದೆ. ನನಗೆ ಈ ಕೆಲಸ ಕಲಿಸಿದ್ದು ಇಷ್ಟು: ಆಳು ಯಾಕೆ ಹೀಗೆ ಮಾಡುತ್ತಾಳೆ ಎಂದು ಹೇಳುವ ಮೊದಲು ಅವಳ ಮನೆಯ ಹಿಂದೆ ಹೋಗಿ ನೋಡು. ಫೋಟೋ ಕೇಳುವವರ ಜೊತೆ ನಾನು ವಾದ ಮಾಡುವುದಿಲ್ಲ. ಅವರ ಜೇಬು ಮಾತ್ರ ನೋಡುತ್ತೇನೆ, ಯಾರ ನಲ್ಲಿಯ ತಿರುಪು ಅಲ್ಲಿದೆಯೋ ಎಂದು.